ವೈರಿನ ಡ್ರಿಲ್ಲೋ, ಬ್ಯಾಟರಿ ಡ್ರಿಲ್ಲೋ: ನನ್ನ ಚೀಲದ ಎರಡು ಮಷಿನ್‌ಗಳು

ಶಿರಸಿ ಸುತ್ತಮುತ್ತ ಮರಗೆಲಸ ಮಾಡಿಕೊಂಡು ಇಪ್ಪತ್ತೆರಡು ವರ್ಷವಾಯಿತು. ನನ್ನ ಚೀಲದಲ್ಲಿ ಎರಡು ಡ್ರಿಲ್ ಇವೆ. ಒಂದು ವೈರಿನದು, ಬಾಷ್ ಜಿಎಸ್‌ಬಿ 600. ಇನ್ನೊಂದು ಬ್ಯಾಟರಿಯದು, ಅದೇ ಕಂಪನಿಯ ಜಿಎಸ್‌ಆರ್ 120. ಕೆಲಸಕ್ಕೆ ಹೋದ ಮನೆಯಲ್ಲೆಲ್ಲ "ಯಾವುದು ತಗೊಳ್ಳೋದು ಒಳ್ಳೇದು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: ಗುಂಡಿ ಒತ್ತಿದ ಮೇಲೆ ಮಷಿನ್ ಎಷ್ಟು ಹೊತ್ತು ಬಿಡದೆ ಓಡಬೇಕು?

ಕಳೆದ ಆಷಾಢದಲ್ಲಿ ಯಲ್ಲಾಪುರ ದಾರಿಯ ಒಂದು ಮನೆಗೆ ಅಡುಗೆಮನೆ ಕಪಾಟು ಕೂರಿಸಲು ಹೋಗಿದ್ದೆ. ಹದಿನಾಲ್ಕು ಬಾಗಿಲು. ಹಿಂಜ್ ಕೂರುವ 35 ಮಿ.ಮೀ. ಕುಳಿಗಳನ್ನು ಹಿಂದಿನ ದಿನವೇ ನಮ್ಮ ಶೆಡ್ಡಿನಲ್ಲಿ ವೈರಿನ ಡ್ರಿಲ್ಲಿನಿಂದ ಕೊರೆದಿಟ್ಟಿದ್ದೆ. ಅಲ್ಲಿ ಹೋಗಿ ನೋಡಿದರೆ ಲೈನಿನ ಮೇಲೆ ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ. ಬ್ಯಾಟರಿ ಡ್ರಿಲ್ ಹಿಡಿದೆ. ಬಾಗಿಲಿಗೆ ಎರಡು ಹಿಂಜ್, ಹಿಂಜಿಗೆ ನಾಲ್ಕು ಸ್ಕ್ರೂ, ಒಟ್ಟು 112. ಒಂದೇ ಬ್ಯಾಟರಿಯಲ್ಲಿ ಮುಗಿಯಿತು. ಮನೆಯ ಅಮ್ಮ ಸಂಜೆಗೇ ಡಬ್ಬಿ ಜೋಡಿಸಲು ಶುರು ಮಾಡಿದರು.

ಈ ಚಿಕ್ಕ ಮಷಿನ್ನಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದರ ಕುತ್ತಿಗೆಯ ಉಂಗುರ. ಅದನ್ನು ತಿರುಗಿಸಿ ಇಟ್ಟರೆ, ಸ್ಕ್ರೂ ಬಿಗಿಯಾದ ಕೂಡಲೇ ಟಕಟಕ ಎಂದು ಹಿಡಿತ ಬಿಡುತ್ತದೆ. ಪ್ಲೈವುಡ್ಡಿನ ತೂತು ಹರಿಯುವುದಿಲ್ಲ. ನನ್ನ ವೈರಿನ ಡ್ರಿಲ್ಲಿಗೆ ಆ ಸೌಕರ್ಯ ಇಲ್ಲ. ಬೆರಳು ಅರೆಕ್ಷಣ ತಡವಾದರೆ ಸ್ಕ್ರೂ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ. ಆಮೇಲೆ ಆ ತೂತಿಗೆ ಕಡ್ಡಿ ತುಂಬಬೇಕು. ಇನ್ನು ಹೆಂಚಿನ ಮಾಡಿಗೆ ಹತ್ತಿ ರೀಪು ಹೊಡೆಯುವಾಗ ಕಾಲಿಗೆ ತೊಡರುವ ವೈರ್ ಇಲ್ಲ ಎನ್ನುವುದೇ ದೊಡ್ಡ ಸಮಾಧಾನ, ಅದೂ ಮಳೆಗಾಲದಲ್ಲಿ.

ಆದರೆ ಬ್ಯಾಟರಿಯ ಲೆಕ್ಕ ಗೊತ್ತಿರಬೇಕು. ನನ್ನದರ ಮೇಲೆ 12 ವೋಲ್ಟ್, 2 ಆಂಪಿಯರ್-ಅವರ್ ಎಂದಿದೆ. ಒಳಗಿರುವುದು ಮೂರು ಸೆಲ್, ಒಂದೊಂದಕ್ಕೆ 3.6 ವೋಲ್ಟ್, ಒಟ್ಟು 10.8. ಮೇಲೆ ಬರೆದ 12 ಪೂರ್ತಿ ಚಾರ್ಜ್ ಆದಾಗಿನ ಅಂಕಿ. 10.8ನ್ನು 2ರಿಂದ ಗುಣಿಸಿದರೆ 22 ವ್ಯಾಟ್-ಅವರ್ ಹತ್ತಿರ, ಅಂದರೆ 22 ವ್ಯಾಟಿನ ಮಷಿನ್ ಒಂದು ಗಂಟೆ ಓಡುವಷ್ಟು ಶಕ್ತಿ. ನಾವು ಪ್ಲೈವುಡ್ ಸೀಳುವ 1200 ವ್ಯಾಟಿನ ಮಾರ್ಬಲ್ ಕಟರ್ ಪೂರ್ತಿ ಭಾರದಲ್ಲಿ ಓಡಿದರೆ ಇಷ್ಟನ್ನು ಒಂದು ನಿಮಿಷದಲ್ಲಿ ಕುಡಿದುಬಿಡುತ್ತದೆ. 18 ವೋಲ್ಟ್, 4 ಆಂಪಿಯರ್-ಅವರಿನ ದೊಡ್ಡ ಬ್ಯಾಟರಿಯೂ ಅದರ ಮುಂದೆ ಮೂರೂವರೆ ನಿಮಿಷ ಬಂದೀತು. ಸ್ಕ್ರೂ ಹಾಕಲು ಎರಡು ಮೂರು ಸೆಕೆಂಡು ಸಾಕು, ಅದಕ್ಕೇ ಅಲ್ಲಿ ಬ್ಯಾಟರಿ ಬಾಳುತ್ತದೆ. ಹಲಸಿನ ದಾರಂದಕ್ಕೆ ಪ್ಲೇನರ್ ಹಿಡಿಯುವುದು, ಗ್ರೈಂಡರ್ ಓಡಿಸುವುದು, ಇದಕ್ಕೆಲ್ಲ ವೈರೇ ಬೇಕು.

ಗೋಡೆ ಕೊರೆಯುವುದೂ ಹಾಗೆಯೇ. ಚಿರೆಕಲ್ಲಿನ ಗೋಡೆಗೆ ಜಿಎಸ್‌ಬಿ 600ರ ಹ್ಯಾಮರ್, ಅಂದರೆ ತಿರುಗುತ್ತಲೇ ಏಟು ಕೊಡುವ ಸೌಕರ್ಯ, ಧಾರಾಳ ಸಾಕು. ಬಾಗಿಲು, ಕಿಟಕಿಯ ಮೇಲಿನ ಕಾಂಕ್ರೀಟ್ ಲಿಂಟಲ್ ಬಂದರೆ ಅದೂ ಒದ್ದಾಡುತ್ತದೆ. ಈ ಜಾತಿಯ ಡ್ರಿಲ್ಲಿನ ಒಳಗೆ ಹಲ್ಲಿನ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಏಟು ಹುಟ್ಟುತ್ತದೆ, ನಾವು ಎದೆ ಕೊಟ್ಟು ಒತ್ತಬೇಕು. ಲಿಂಟಲ್ಲಿಗೆ ಪಿಸ್ಟನ್ ಇರುವ ರೋಟರಿ ಹ್ಯಾಮರ್ ಬಾಡಿಗೆಗೆ ತರುತ್ತೇನೆ. ಏಟು ಅದೇ ಹೊಡೆಯುತ್ತದೆ, ನಾವು ಹಿಡಿದುಕೊಂಡರೆ ಆಯಿತು.

ಒಂದು ಎಚ್ಚರಿಕೆ. ಮೊದಲು ನಾನು ಕಡಿಮೆ ಬೆಲೆಗೆ ಒಂದು ಬ್ಯಾಟರಿ ಡ್ರಿಲ್ ತಂದಿದ್ದೆ. ಮೈಮೇಲೆ ದೊಡ್ಡದಾಗಿ 48 ವೋಲ್ಟ್ ಎಂದು ಬರೆದಿತ್ತು. ಎಂಟು ತಿಂಗಳಿಗೆ ಸತ್ತಿತು. ಬಿಚ್ಚಿ ನೋಡಿದರೆ ಒಳಗೆ ಐದೇ ಸೆಲ್. ಐದು ಸೆಲ್ ಅಂದರೆ 18 ವೋಲ್ಟ್, ಅಷ್ಟೇ. ಕಷ್ಟಪಟ್ಟು ದುಡಿದ ದುಡ್ಡು, ತುಂಬಾ ಹೊಟ್ಟೆ ಉರಿಯಿತು. ಅಂಥ ಅಂಕಿ ನೋಡಿ ಮರುಳಾಗಬೇಡಿ. ಅಂಗಡಿಯಲ್ಲಿ "ಬರೀ ಬ್ಯಾಟರಿ ಸಿಗುತ್ತಾ, ಎಷ್ಟು?" ಅಂತ ಮೊದಲೇ ಕೇಳಿ. ಸಾಮಾನ್ಯವಾಗಿ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷಿನ್ನಿಗೆ ಕೂರುವುದಿಲ್ಲ. ಮೊದಲ ಮಷಿನ್ ಕೊಂಡ ದಿನವೇ ಮುಂದಿನ ಮಷಿನ್‌ಗಳ ಕಂಪನಿಯೂ ತೀರ್ಮಾನವಾದ ಹಾಗೆ.

ಆ ಯಲ್ಲಾಪುರ ದಾರಿಯ ಅಮ್ಮನೂ ಕೇಳಿದರು, "ಆಚಾರ್ರೇ, ನಮ್ಮನೆಗೂ ನಿಮ್ಮ ಬ್ಯಾಟರಿಯದೇ ತರಲಾ?" ಬೇಡ ಅಮ್ಮ ಅಂದೆ. ವರ್ಷಕ್ಕೆ ಮೂರು ಸಲ ಮೊಳೆಗೆ ತೂತು ಹಾಕುವ ಮನೆಗೆ ವೈರಿನದೇ ಸರಿ. ಎರಡು ವರ್ಷ ಕಪಾಟಿನಲ್ಲಿಟ್ಟು ತೆಗೆದರೂ ಪ್ಲಗ್ ಹಾಕಿದ ಕೂಡಲೇ ಓಡುತ್ತದೆ. ಚಾರ್ಜ್ ಪೂರ್ತಿ ಇಳಿದು ಮೂಲೆಯಲ್ಲಿ ಬಿದ್ದ ಲಿಥಿಯಂ ಬ್ಯಾಟರಿ ಆಮೇಲೆ ಏಳದೆಯೂ ಹೋಗಬಹುದು. ಅವರು ವೈರಿನದನ್ನೇ ತಂದರು. ನವರಾತ್ರಿಗೆ ದೇವರ ಫೋಟೋ ತೂಗುಹಾಕಲು ಚಿರೆಕಲ್ಲು ಗೋಡೆಗೆ ಮೊದಲ ತೂತು ತಾವೇ ಕೊರೆದರಂತೆ. ಬಿಟ್ ಎಷ್ಟನೇ ನಂಬರಿಂದು ಅಂತ ಕೇಳಲು ಮಾತ್ರ ನನಗೆ ಫೋನ್ ಮಾಡಿದ್ದರು. 6 ಮಿ.ಮೀ. ಅಂದೆ.