ಪಿಎಚ್‌ಪಿಯ ಪ್ಯಾಕ್ ಫಂಕ್ಷನ್: ಎಂಟು ವರ್ಷ ಬಳಸಿದ ಮೇಲೆ

ಮಂಡ್ಯದಲ್ಲಿ ನಮ್ಮ ಭಾವನ ಬೆಲ್ಲದ ಮಂಡಿ ಇದೆ. ಅಲ್ಲಿನ ಬಿಲ್ ಪ್ರೋಗ್ರಾಂ ನಾನೇ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದು. ಒಂದು ಹಳೇ ಲ್ಯಾಪ್‌ಟಾಪ್, ಒಂದು ಥರ್ಮಲ್ ಪ್ರಿಂಟರ್, ಅಷ್ಟೇ ಬಂಡವಾಳ. ಅಂಕಿ, ಹೆಸರು ಎಲ್ಲವನ್ನೂ ಬೈಟ್‌ಗಳ ಸಾಲಾಗಿ ಕಟ್ಟಿಕೊಡುವ ಪ್ಯಾಕ್ ಇಲ್ಲದಿದ್ದರೆ ಇದು ಒಂದು ದಿನವೂ ಓಡುತ್ತಿರಲಿಲ್ಲ.

ಮೊದಲು ಖುಷಿಯ ಮಾತು. ನಮ್ಮ ಪ್ರಿಂಟರ್‌ಗೆ ಕನ್ನಡ ಅಕ್ಷರ ಗೊತ್ತಿಲ್ಲ, ಹಾಗಾಗಿ ಬಿಲ್ಲನ್ನು ಚಿತ್ರ ಮಾಡಿ ಕಳಿಸುತ್ತೇನೆ. ಒಂದು ಸಾಲಿಗೆ 576 ಚುಕ್ಕಿ, ಬೈಟಿಗೆ ಎಂಟು ಚುಕ್ಕಿಯಂತೆ 72 ಬೈಟ್. ಈ 72ನ್ನು ಪ್ರಿಂಟರ್‌ಗೆ ಎರಡು ಬೈಟ್‌ನಲ್ಲಿ ಹೇಳುವಾಗ ಚಿಕ್ಕ ಬೆಲೆಯ ಬೈಟ್ ಮೊದಲು ಹೋಗಬೇಕು. ಅಂಕಿಯನ್ನು ಹೇಗೆ ಕಟ್ಟಬೇಕು ಅಂತ ಪ್ಯಾಕ್‌ಗೆ ಹೇಳುವುದು ಒಂದೊಂದು ಇಂಗ್ಲಿಷ್ ಅಕ್ಷರ, ಸ್ಮಾಲ್ ವಿ ಹಾಕಿದರೆ ಸರಿಯಾಗಿ ಹೋಗುತ್ತದೆ. ಸ್ಮಾಲ್ ಎನ್ ಹಾಕಿದರೆ ಬೈಟ್ ತಿರುಗುಮುರುಗಾಗಿ ಪ್ರಿಂಟರ್ ಅದನ್ನು 18,432 ಅಂತ ಓದಿಕೊಂಡು, ಬಾಕಿ ಬೈಟ್ ಬರಲಿ ಅಂತ ಸುಮ್ನೆ ಕಾಯುತ್ತಾ ಕೂರುತ್ತದೆ. ಒಂದಕ್ಷರದ ವ್ಯತ್ಯಾಸ ಅಷ್ಟೇ! ದಿನಾ ಬೆಳಗ್ಗೆ ಭಾವ ದೀಪ ಹಚ್ಚಿ ಗಂಧದಕಡ್ಡಿ ಸಿಕ್ಕಿಸಿ ಒಂದು ಖಾಲಿ ಬಿಲ್ ಹೊಡೆಯುತ್ತಾರೆ. ಬಿಸಿ ಕಾಗದದ ಮೇಲೆ ಮಂಡಿಯ ಹೆಸರು ಕನ್ನಡದಲ್ಲಿ ಮೂಡುವುದನ್ನು ನೋಡಿದರೆ ಇವತ್ತಿಗೂ ಮನಸ್ಸು ತುಂಬುತ್ತದೆ.

ಈಗ ಬೇಜಾರಿನ ಮಾತು. ಪ್ರತಿ ಲಾಟಿನ ತೂಕವನ್ನು ಹತ್ತು ಗ್ರಾಂ ಲೆಕ್ಕದಲ್ಲಿ ಸ್ಮಾಲ್ ಎನ್ ಹಾಕಿ ಫೈಲಿಗೆ ಬರೆಯುತ್ತಿದ್ದೆ. ಅದು ಎರಡೇ ಬೈಟ್, 65,535 ದಾಟುವಂತಿಲ್ಲ. ಅಂದರೆ 655 ಕೇಜಿ ಚಿಲ್ಲರೆ. ನಮ್ಮಲ್ಲಿಗೆ ಬರುತ್ತಿದ್ದದ್ದು ಸಣ್ಣ ಸಣ್ಣ ಲಾಟು, ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ದಿನ ಸರಿಯಾಗಿ 700 ಕೇಜಿ ಅಚ್ಚು ಬೆಲ್ಲ ಬಂತು. ಬಿಲ್ಲಿನಲ್ಲಿ ಬಂದದ್ದು 44.64 ಕೇಜಿ! 70,000ದಲ್ಲಿ 65,536 ಕಳೆದು ಉಳಿದ 4,464 ಅದು. ರೈತರು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿ, "ಏನ್ ಸ್ವಾಮಿ, ನಲವತ್ನಾಕ್ ಕೇಜಿ ಬೆಲ್ಲಕ್ಕೆ ಟೆಂಪೋ ಮಾಡ್ಕಂಡ್ ಬಂದ್ನಾ ನಾನು?" ಅಂದರು. ಭಾವ ಕ್ಷಮೆ ಕೇಳಿ ಕೈಯಲ್ಲೇ ಬಿಲ್ ಬರೆದುಕೊಟ್ಟರು. ಆ ರೈತರು ನೋಡದೆ ಜೇಬಿಗೆ ಇಟ್ಟುಕೊಂಡಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಸಿಟ್ಟು ಇರುವುದೇ ಇಲ್ಲಿ. ಹಿಡಿಸದ ಅಂಕಿ ಕೊಟ್ಟರೆ ಪ್ಯಾಕ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ, ಮೇಲಿನ ಭಾಗ ಕತ್ತರಿಸಿ ಎಸೆಯುತ್ತದೆ. ಪಿಎಚ್‌ಪಿ 8ರಲ್ಲಿ ಕೊಡಬೇಕಾದ ಅಂಕಿ ಒಂದು ಕಮ್ಮಿಯಾದರೆ ಎರರ್ ಕೊಟ್ಟು ನಿಲ್ಲುತ್ತದೆ, ಅಂಕಿ ದೊಡ್ಡದಾದರೆ ಮಾತ್ರ ಉಸಿರೆತ್ತುವುದಿಲ್ಲ. ಹೆಸರಿನ ಕತೆಯೂ ಇದೇ. ಹೆಸರು ಕಟ್ಟುವ ಕ್ಯಾಪಿಟಲ್ ಎ ಜೊತೆ 12 ಅಂತ ಕೊಟ್ಟರೆ ಅದು 12 ಬೈಟ್, 12 ಅಕ್ಷರ ಅಲ್ಲ. ಅಕ್ಷರಗಳನ್ನು ಬೈಟ್ ಆಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಬ, ಎತ್ವ, ಲ, ವಿರಾಮ (ಒತ್ತಕ್ಷರಕ್ಕೆ ಬೇಕಾದ ಗುರುತು), ಮತ್ತೊಂದು ಲ ಒಂದೊಂದಕ್ಕೂ ಮೂರು ಬೈಟ್ ಬೇಕು, "ಬೆಲ್ಲ"ಕ್ಕೆ ಒಟ್ಟು 15. ಹಾಗಾಗಿ ಬಿಲ್ಲಿನಲ್ಲಿ "ಬೆಲ್" ಅಂತ ಬಂತು. ಅದನ್ನೂ ಪ್ಯಾಕ್ ಹೇಳಲಿಲ್ಲ, ಭಾವನೇ ಕಂಡುಹಿಡಿದರು.

ಆದರೂ ಬಿಟ್ಟಿಲ್ಲ. ಬೇರೆ ಲೈಬ್ರರಿ ಹಾಕಿಕೊಳ್ಳದೆ, ದುಡ್ಡು ಕೊಡದೆ, ಒಂದೇ ಸಾಲಿನಲ್ಲಿ ಇಷ್ಟು ಕೆಲಸ ಆಗುತ್ತದೆ ಅಲ್ವಾ? ಈಗ ತೂಕಕ್ಕೆ ಕ್ಯಾಪಿಟಲ್ ಎನ್, ನಾಲ್ಕು ಬೈಟ್. ಬರೆದ ತಕ್ಷಣ ಅನ್‌ಪ್ಯಾಕ್ ಮಾಡಿ, ಅಂದರೆ ಕಟ್ಟಿದ್ದನ್ನು ಬಿಚ್ಚಿ, ಕೊಟ್ಟ ಅಂಕಿಯೇ ವಾಪಸ್ ಬಂತಾ ಅಂತ ನೋಡುತ್ತೇನೆ, ಬರದಿದ್ದರೆ ಬಿಲ್ ನಿಲ್ಲಿಸುತ್ತೇನೆ. ತೂಕ, ದುಡ್ಡು ಇರುವ ಕಡೆ ನೀವು ಬಳಸುವುದಾದರೆ ಈ ಎರಡು ಸಾಲನ್ನು ಮೊದಲ ದಿನವೇ ಬರೆದುಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಕಳೆದ ಒಂದೂವರೆ ಆ 700 ಕೇಜಿಗೆ.