ಸೆರಿಲಾಗ್: ಕೆಲ್ಸ ಗಟ್ಟಿ, ಆದ್ರೆ ಬಾಯಿ ಬಿಡುದಿಲ್ಲ

ಸೆರಿಲಾಗ್ ಅಂದ್ರೆ ಆಪಲ್ಲಿ ಆಗುದನ್ನೆಲ್ಲ ಲಾಗ್ ಆಗಿ ಬರೆದಿಡುವ ಲೈಬ್ರರಿ. ಒಂದೂವರೆ ವರ್ಷದಿಂದ ಬಳಸ್ತಾ ಇದ್ದೇನೆ, ಪೆಟ್ಟೂ ತಿಂದಾಗಿದೆ, ಹಾಗಾಗಿ ಈಗ ಬರೀಬಹುದು. ನಮ್ಮದು ಮಂಗಳೂರಲ್ಲಿ ನಾಲ್ಕು ಜನರ ಸಣ್ಣ ಆಫೀಸು, ಮಲ್ಪೆಯ ಒಬ್ರು ಐಸ್ ಪ್ಲಾಂಟಿನ ಧಣಿಗಳಿಗೆ ಬೋಟುಗಳ ಬಿಲ್ಲಿಂಗಿಗೆ ಅಂತ ಒಂದು ವೆಬ್ ಆಪ್ ಮಾಡಿ ಕೊಟ್ಟದ್ದು, ಎಎಸ್‌ಪಿ ಡಾಟ್ ನೆಟ್ ಕೋರಲ್ಲಿ, ಅಂದ್ರೆ ವೆಬ್ ಆಪ್ ಕಟ್ಲಿಕ್ಕೆ ಮೈಕ್ರೋಸಾಫ್ಟಿನ ಫ್ರೇಮ್‌ವರ್ಕಲ್ಲಿ. ಅದ್ರಲ್ಲಿ ಲಾಗಿಂಗ್ ಒಳಗೇ ಉಂಟು, ಕನ್ಸೋಲಿಗೆ ಚಂದ ಬರೀತದೆ, ಆದ್ರೆ ಮಾಮೂಲಿ ಒಂದು ಫೈಲಿಗೆ ಬರಿ ಅಂದ್ರೆ ಆಗುದಿಲ್ಲ, ಅದಕ್ಕೆ ಹೊರಗಿಂದ ಎಂತಾದ್ರೂ ತರ್ಬೇಕು. ನಾವು ತಂದದ್ದು ಸೆರಿಲಾಗ್. ಫ್ರೀ, ಅಪಾಚೆ ಲೈಸೆನ್ಸು, 2013ರಿಂದ ಇರುವಂಥದ್ದು.

ಸೆಟಪ್ ಬಗ್ಗೆ ದೂರೇ ಇಲ್ಲ. ಡಾಟ್ ನೆಟ್ ಪ್ಯಾಕೇಜುಗಳ ಭಂಡಾರ ನುಗೆಟ್‌ನಿಂದ ಎಎಸ್‌ಪಿ ನೆಟ್ ಕೋರಿಗಾಗಿ ಇರುವ ಸೆರಿಲಾಗ್ ಪ್ಯಾಕೇಜ್ ಒಂದನ್ನೇ ಹಾಕಿದ್ರೆ ಫೈಲಿಗೆ ಬರೆಯುವ ಸಿಂಕೂ (ಲಾಗನ್ನು ಬೇಕಾದಲ್ಲಿಗೆ ಮುಟ್ಟಿಸುವ ಭಾಗ) ಒಟ್ಟಿಗೇ ಬರ್ತದೆ, ಮತ್ತೆ ನಾಲ್ಕೈದು ಲೈನ್ ಕೋಡ್, ತಟ್ಟೆಯ ಗೋಳಿಬಜೆ ತಣಿಯುವ ಮೊದ್ಲು ಲಾಗ್ ಬೀಳ್ಲಿಕ್ಕೆ ಶುರು. ನಾವು ಮಂಗ ಆದದ್ದು ಅಲ್ಲೇ, ಇಷ್ಟು ಸುಲಭ ಅಂತ ಡಾಕ್ಯುಮೆಂಟೇಶನ್ ಮುಂದೆ ಓದ್ಲೇ ಇಲ್ಲ.

ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಬೋಟೆಲ್ಲ ದಕ್ಕೆಯಲ್ಲೇ, ಹಾಗಾಗಿ ಆ ಎರಡು ತಿಂಗಳು ನಮ್ಮ ಆಪಿಗೂ ರಜೆ. ಟೆಸ್ಟಿಂಗಿಗೆ ಅಂತ ಲಾಗಿನ ಲೆವೆಲನ್ನು ಡೀಬಗ್ಗಿಗೆ, ಅಂದ್ರೆ ಸಣ್ಣ ಪುಟ್ಟದ್ದೂ ಬರೆಯುವ ಹಾಗೆ, ಇಟ್ಟದ್ದು ಹಾಗೇ ಉಳ್ದಿತ್ತು. ಆಗಸ್ಟಲ್ಲಿ ಬೋಟೆಲ್ಲ ಕಡಲಿಗೆ ಇಳಿದದ್ದೇ ತಡ, ಡೇಟಾಬೇಸ್ ಕೆಲ್ಸ ನೋಡಿಕೊಳ್ಳುವ ಎಂಟಿಟಿ ಫ್ರೇಮ್‌ವರ್ಕ್ ಓಡಿಸುವ ಒಂದೊಂದು ಎಸ್‌ಕ್ಯೂಎಲ್ಲೂ ಫೈಲಿಗೆ ಹೋಗಿ ಹೋಗಿ ಅದು ಊದಿದ್ದೇ ಊದಿದ್ದು. ಒಂದು ದಿನ ಧಣಿಗಳ ಫೋನು, ಒಂದೇ ಬೋಟಿಗೆ ಎರಡೆರಡು ಬಿಲ್ ಆಗಿದೆ ಅಂತ. ನೋಡುವಾ ಅಂತ ಲಾಗ್ ಓಪನ್ ಮಾಡಿದ್ರೆ ಕೊನೇ ಲೈನು ಎರಡು ದಿನ ಹಿಂದಿಂದು! "ನೀವೇ ಅಲ್ವಾ ಮಾರ್ರೆ ಹೇಳಿದ್ದು, ಎಂತ ಆದ್ರೂ ಬರ್ದಿಡ್ತದೆ ಅಂತ" ಹೇಳಿದ್ರು ಅವ್ರು. ನಾನೆಂತ ಹೇಳುದು.

ವಿಷಯ ಎಂತ ಅಂದ್ರೆ ಫೈಲ್ ಸಿಂಕಿನ ಡೀಫಾಲ್ಟ್ ಮಿತಿ 1 ಜಿಬಿ. ರೋಲಿಂಗ್ ಇಂಟರ್ವಲ್, ಅಂದ್ರೆ ಎಷ್ಟು ಸಮಯಕ್ಕೊಂದು ಹೊಸ ಫೈಲು ಅಂತ, ಕೊಡದಿದ್ರೆ ಕೊನೆವರೆಗೂ ಒಂದೇ ಫೈಲು, ಅದು 1 ಜಿಬಿ ಮುಟ್ಟಿದ ಕೂಡ್ಲೆ ಬರೆಯುದು ನಿಲ್ಲಿಸ್ತದೆ, ಎರರ್ ಇಲ್ಲ ಎಂತ ಇಲ್ಲ. ಇದು ಬೇಕಂತಲೇ ಮಾಡಿದ್ದು, ಲಾಗಿನ ದೆಸೆಯಿಂದ ಆಪ್ ಬೀಳ್ಬಾರ್ದು, ಡಿಸ್ಕ್ ತುಂಬ್ಬಾರ್ದು ಅಂತ, ಅದು ಸರಿಯೇ. ಆದ್ರೆ ಗೊತ್ತಿಲ್ಲದವ್ನು ಸತ್ತ. ಈಗ ನಾವು ದಿನಕ್ಕೊಂದು ಫೈಲ್ ಮಾಡಿ, ಸೈಜ್ ಮುಟ್ಟಿದ್ರೆ ಹೊಸ ಫೈಲ್ ತೆರೆಯುವ ಆಪ್ಶನ್ನೂ ಆನ್ ಮಾಡಿ, ಮೈಕ್ರೋಸಾಫ್ಟ್ ಅಂತ ಹೆಸ್ರು ಶುರು ಆಗುವ ಎಲ್ಲದಕ್ಕೂ (ಎಂಟಿಟಿ ಫ್ರೇಮ್‌ವರ್ಕೂ ಅದ್ರಲ್ಲೇ) ಲೆವೆಲ್ ವಾರ್ನಿಂಗಿಗೆ ಏರಿಸಿದ್ದೇವೆ, ಎಚ್ಚರಿಕೆ ಮತ್ತೆ ಅದಕ್ಕಿಂತ ಗಂಭೀರದ್ದು ಮಾತ್ರ ಬೀಳ್ಲಿ ಅಂತ. ಇನ್ನೊಂದು, ಡೀಫಾಲ್ಟಲ್ಲಿ ಈಗಿನದ್ದೂ ಸೇರಿ ಫೈಲು 31 ಮಾತ್ರ ಇಡ್ತದೆ, ಅದು 31 ದಿನ ಅಲ್ಲ, 31 ಫೈಲು! ಒಂದೇ ದಿನಕ್ಕೆ ನಾಲ್ಕು ಫೈಲ್ ಆದ್ರೆ ಲೆಕ್ಕ ಹಾಕಿ.

ಸರ್ವರಿಗೆ ಹಾಕುವಾಗ ಇನ್ನೊಂದು ಗಮ್ಮತ್ತು. ಮೈಕ್ರೋಸಾಫ್ಟಿನ ವೆಬ್ ಸರ್ವರ್ ಐಐಎಸ್‌ನ ಆಪ್ ಪೂಲಿಗೆ (ನಮ್ಮ ಆಪ್ ಓಡುವ ಖಾತೆಗೆ) ಲಾಗ್ ಫೋಲ್ಡರಲ್ಲಿ ಬರೆಯುವ ಪರ್ಮಿಶನ್ ಇಲ್ಲದಿದ್ರೆ ಫೈಲೇ ಹುಟ್ಟುದಿಲ್ಲ, ಆಗ್ಲೂ ಇದು ಮಾತಾಡುದಿಲ್ಲ. ಸೆಲ್ಫ್‌ಲಾಗ್ ಅಂತ ಉಂಟು, ಸೆರಿಲಾಗ್ ತನ್ನದೇ ತೊಂದರೆ ಹೇಳಿಕೊಳ್ಳುವ ಜಾಗ, ಅದನ್ನು ಆನ್ ಮಾಡಿದ್ರೆ ಮಾತ್ರ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರ್ತದೆ. ಮತ್ತೆ ಸರ್ವರಿನ ಗಡಿಯಾರ ಯುಟಿಸಿಯಲ್ಲಿದ್ರೆ (ಅಂತರರಾಷ್ಟ್ರೀಯ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಅದ್ರ ಮಧ್ಯರಾತ್ರಿ ನಮ್ಮ ಬೆಳಿಗ್ಗೆ ಐದೂವರೆ. ಬೆಳಗಿನ ಜಾವ ನಾಲ್ಕಕ್ಕೆ ಐಸ್ ತುಂಬಿದ ಬೋಟು ನಿನ್ನೆಯ ಫೈಲಲ್ಲಿ ರಾತ್ರಿ ಹತ್ತೂವರೆಗೆ ಸಿಗ್ತದೆ, ನಾನು ಅರ್ಧ ದಿನ ಇವತ್ತಿನ ಫೈಲಲ್ಲಿ ಹುಡುಕಿದ್ದೇನೆ ಸಾವು.

ಈಗ ಮೆಚ್ಚಿದ್ದು ಹೇಳ್ತೇನೆ. ರಿಕ್ವೆಸ್ಟ್ ಲಾಗಿಂಗ್ ಹಾಕಿದ್ರೆ ಒಂದು ರಿಕ್ವೆಸ್ಟಿಗೆ ಒಂದೇ ಲೈನು, ಯಾವ ಪೇಜು, ಎಂತ ಸ್ಟೇಟಸ್, ಎಷ್ಟು ಮಿಲಿಸೆಕೆಂಡು, ಎಲ್ಲ ಅದ್ರಲ್ಲೇ. ಬೋಟ್ ನಂಬ್ರವನ್ನು ಡಾಲರ್ ಸ್ಟ್ರಿಂಗಲ್ಲಿ, ಅಂದ್ರೆ ವಾಕ್ಯದ ಒಳಗೇ ಸೇರಿಹೋಗುವ ಹಾಗೆ, ತುರುಕದೆ ಟೆಂಪ್ಲೇಟಲ್ಲಿ ಹೆಸ್ರು ಕೊಟ್ಟು ಬರೆದು, ಜೇಸನ್ ಫಾರ್ಮ್ಯಾಟರ್ (ಹೆಸ್ರು, ಮೌಲ್ಯ ಅಂತ ಜೋಡಿ ಮಾಡಿ ಬರೆಯುವಂಥದ್ದು) ಹಾಕಿದ್ರೆ ಅದು ಬೇರೆಯೇ ಫೀಲ್ಡ್ ಆಗಿ ಉಳೀತದೆ, ಆಮೇಲೆ ಆ ಒಂದು ಬೋಟಿಂದು ಮಾತ್ರ ಹೆಕ್ಕಿ ತೆಗೀಬಹುದು. ಲಾಗ್ ಸರಿ ಮಾಡಿದ ಮೇಲೆ ಡಬಲ್ ಬಿಲ್ಲಿನ ಕಥೆ ಸಿಕ್ಕಿದ್ದೂ ಹಾಗೇ. ಒಂದೇ ಬೋಟು, ಎರಡು ಪೋಸ್ಟು (ಸೇವ್ ಮಾಡುವ ರಿಕ್ವೆಸ್ಟು), ನಡುವೆ ಮೂರು ಸೆಕೆಂಡು. ದಕ್ಕೆಯಲ್ಲಿ ನೆಟ್‌ವರ್ಕ್ ಇಲ್ಲದೆ ಹುಡುಗ ಸೇವ್ ಬಟನ್ ಎರಡು ಸಲ ಒತ್ತಿದ್ದು.

ಐದಕ್ಕೆ ನಾಲ್ಕು ಸ್ಟಾರ್. ಆ 1 ಜಿಬಿಯಲ್ಲಿ ನಿಲ್ಲುವಾಗ ಕೊನೇಗೊಂದು ಲೈನ್ ಬರ್ದು ನಿಂತಿದ್ರೆ ಐದೂ ಕೊಡ್ತಿದ್ದೆ.