ಫ್ಲೆಕ್ಸ್, ಸ್ಟ್ಯಾಂಡಿ ಫೈಲ್ ತಯಾರಿಗೆ ಕೋರೆಲ್‌ಡ್ರಾ: ದೀರ್ಘ ಬಳಕೆಯ ನಂತರ

ಉಡುಪಿ ಕಡೆ ಬ್ರಹ್ಮಕಲಶ, ಕಂಬಳ, ಯಕ್ಷಗಾನದ ಸೀಸನ್ ಶುರುವಾದರೆ ಡಿಟಿಪಿ ಅಂಗಡಿಗೆ ಫೋಟೊ, ಮ್ಯಾಟರ್ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ಬಂದು ಬೀಳುತ್ತವೆ. ಅವನ್ನು ಪ್ರಿಂಟಿಗೆ ಸಜ್ಜು ಮಾಡಲು ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್ ಇವತ್ತಿಗೂ ಒಳ್ಳೆಯದೇ. 20 ಅಡಿಯ ಬ್ಯಾನರಿಗೆ 20 ಅಡಿಯದೇ ಪುಟ ಇಟ್ಟುಕೊಳ್ಳಬಹುದು, ಸ್ಕೇಲ್ ಲೆಕ್ಕದ ರಗಳೆಯಿಲ್ಲ.

ಕನ್ನಡದ ಕೆಲಸಕ್ಕೆ ಎಕ್ಸ್6ಕ್ಕಿಂತ ಹಳೆಯ ಆವೃತ್ತಿ ಬೇಡ; ಯುನಿಕೋಡ್ (ಮೊಬೈಲ್, ವೆಬ್‌ಸೈಟುಗಳು ಬಳಸುವ ಅಕ್ಷರ ಸಂಕೇತ) ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಹೊಸದರಲ್ಲೂ ಫಾಂಟಿನ ತಲೆನೋವು ತಪ್ಪಿದ್ದಲ್ಲ. ಗಿರಾಕಿ ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯುನಿಕೋಡ್. ತಲೆಬರಹಕ್ಕೆ ಅವರು ಕೇಳುವ ದಪ್ಪ ಅಕ್ಷರ ಹೆಚ್ಚಾಗಿ ಹಳೆಯ ಆಸ್ಕಿ ಫಾಂಟು, ಯುನಿಕೋಡ್ ಅದಕ್ಕೆ ನೇರವಾಗಿ ಹೊಂದದು. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಅಂಕೆ, ಉದ್ಧರಣ ಚಿಹ್ನೆಗಳನ್ನು ಒಂದೊಂದಾಗಿ ನೋಡಲೇಬೇಕು. ಪ್ರೂಫ್ ಒಪ್ಪಿಗೆಯಾದ ಮೇಲೆ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ (ಅಂದರೆ ಅಕ್ಷರವನ್ನು ಬರೀ ಆಕೃತಿಯಾಗಿಸಿ), ಆದರೆ ಅಕ್ಷರ ಇರುವ ಪ್ರತಿಯನ್ನು ಮೊದಲೇ ಬೇರೆ ಉಳಿಸಿಕೊಳ್ಳಿ. ಕರ್ವ್ ಆದದ್ದನ್ನು ಮತ್ತೆ ಟೈಪ್ ಮಾಡಿ ತಿದ್ದಲಾಗದು. ಅತಿಥಿಗಳ ಪಟ್ಟಿಯೋ, ಪ್ರಿಂಟಿಗೆ ಹೋಗುವ ಗಳಿಗೆಯವರೆಗೂ ಬದಲಾಗುತ್ತಲೇ ಇರುತ್ತದೆ!

ಔಟ್‌ಲೈನ್ ಎಡವಿ ಬೀಳುವ ಇನ್ನೊಂದು ಜಾಗ. 'ಸ್ಕೇಲ್ ವಿತ್ ಆಬ್ಜೆಕ್ಟ್' ಟಿಕ್ ಹಾಕದೆ ಚಿಕ್ಕ ಡಿಸೈನನ್ನು ದೊಡ್ಡದು ಮಾಡಿದರೆ ಅಕ್ಷರದ ಸುತ್ತಿನ ದಪ್ಪ ಗೆರೆ ಕೂದಲೆಳೆಯಷ್ಟಾಗುತ್ತದೆ. ಚಿಕ್ಕದು ಮಾಡಿದರೆ ಅದೇ ಗೆರೆ ಅಕ್ಷರವನ್ನೇ ನುಂಗುತ್ತದೆ.

ಫೋಟೊ ವಿಷಯದಲ್ಲಿ ಯಾವ ಸಾಫ್ಟ್‌ವೇರೂ ಪವಾಡ ಮಾಡದು. 1600 ಪಿಕ್ಸೆಲ್ ಎತ್ತರದ ಚಿತ್ರ 6 ಅಡಿಗೆ ಹಿಗ್ಗಿದರೆ ಇಂಚಿಗೆ ಸಿಗುವುದು ಬರೀ 22 ಪಿಕ್ಸೆಲ್. ರಸ್ತೆ ಬದಿಯ ದೊಡ್ಡ ಫ್ಲೆಕ್ಸಿಗೆ 72 ಇದ್ದರೆ ಧಾರಾಳ, ಹತ್ತಿರ ನಿಂತು ಓದುವ ಸ್ಟ್ಯಾಂಡಿಗೆ 100ರಿಂದ 150 ಬೇಕು. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ, ಆದ್ದರಿಂದ 'ಡಾಕ್ಯುಮೆಂಟ್' ಆಗಿ ಕಳಿಸಿ ಎಂದು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ.

ನೆರಳು, ಪಾರದರ್ಶಕತೆ ಇರುವ ಡಿಸೈನನ್ನು ಪಿಡಿಎಫ್ ಆಗಿ ಕೊಟ್ಟರೆ ಕೆಲವು ಮೆಷಿನ್‌ಗಳಲ್ಲಿ ನೆರಳಿನ ಸುತ್ತ ಚೌಕ ಮೂಡುತ್ತದೆ. ಸಿಎಂವೈಕೆ (ಪ್ರಿಂಟಿನ ನಾಲ್ಕು ಶಾಯಿ: ಸಯಾನ್, ಮಜೆಂಟಾ, ಯೆಲ್ಲೊ, ಕಪ್ಪು) ಬಣ್ಣದ ಟಿಫ್ ಚಿತ್ರ ಮಾಡಿ ಕೊಡುವುದೇ ಕ್ಷೇಮ. ದೊಡ್ಡ ಕಪ್ಪು ಹಿನ್ನೆಲೆಗೆ ಬರೀ ಕೆ 100 ಸಾಲದು, ಬೂದು ಹೊಡೆಯುತ್ತದೆ. ಸಿ 60, ಎಂ 40, ವೈ 40 ಸೇರಿಸಿ. ಸಣ್ಣ ಅಕ್ಷರಕ್ಕೆ ಮಾತ್ರ ಈ ಮಿಶ್ರಣ ಬೇಡ, ಅಂಚು ಮಸುಕಾಗುತ್ತದೆ.

ರೋಲ್‌ಅಪ್ ಸ್ಟ್ಯಾಂಡಿಯಲ್ಲಿ ಕೆಳಗಿನ 4 ಇಂಚು ಖಾಲಿ ಬಿಡಿ, ಆ ಭಾಗ ಪೆಟ್ಟಿಗೆಯೊಳಗೆ ಹೋಗುತ್ತದೆ. ಫ್ಲೆಕ್ಸಿನಲ್ಲಿ ರಿಂಗ್ ಹೊಡೆಯಲು ಸುತ್ತಲೂ 2 ಇಂಚು ಅಕ್ಷರವಿಲ್ಲದ ಜಾಗ ಇರಲಿ.

ದಿನವೂ ಡಿಸೈನ್ ಮಾಡುವ ಅಂಗಡಿಗೆ ಇದು ದುಡ್ಡಿಗೆ ಮೋಸವಿಲ್ಲ. ಅಪರೂಪಕ್ಕೊಂದು ಬ್ಯಾನರ್ ಮಾಡುವವರಿಗೆ ಉಚಿತದ ಇಂಕ್‌ಸ್ಕೇಪ್ ಸಾಕು; ಅದರ ಬಣ್ಣ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಪದ್ಧತಿ) ಆದ್ದರಿಂದ ಸಿಎಂವೈಕೆಗೆ ಬೇರೆ ಕಡೆ ಬದಲಿಸಿಕೊಳ್ಳಬೇಕು, ಅಷ್ಟೆ.